ಹದಿನೇಳು ಟನ್ನಿನ ಗರಗಸ ಕಾರ್ಕಳಕ್ಕೆ ಬಂದ ಬಗೆ

"1981, ಮಾರ್ಚ್ 9, ಸೋಮವಾರ. ಹಡಗು ಇಟಲಿಯಿಂದ ಹೊರಟಿತೆಂದು ಬೊಂಬಾಯಿಯಿಂದ ತಂತಿ. ಪೆಟ್ಟಿಗೆಯ ಅಗಲ ಹನ್ನೆರಡೂವರೆ ಅಡಿ. ಮಧ್ಯಾಹ್ನದ ಬಂಗುಡೆ ಮೀನು ತಾಜಾ ಇತ್ತು. ಬಾಗಿಲಿನ ವಿಷಯ ಆಚಾರಿಯಲ್ಲಿ ಕೇಳಬೇಕು."

ಇದು ನನ್ನ ಡೈರಿಯ ಒಂದು ಪುಟ. ಬಿ.ಎ. ಕೊನೆಯ ವರ್ಷದಿಂದ ಒಂದು ದಿನವೂ ತಪ್ಪಿಸದೆ ಬರೆದವಳು ನಾನು. ಮಕ್ಕಳಿಗೆ ಹಲ್ಲು ಬಂದದ್ದು, ಬಾವಿಗೆ ಹಗ್ಗ ಹೊಸತು ತಂದದ್ದು, ಯಾವ ನೆಂಟರು ಎಷ್ಟು ದಿನ ಉಳಿದರು ಎಂಬುದು, ಎಲ್ಲ ಅದರಲ್ಲಿ ಉಂಟು. ಬರೆದಿಟ್ಟವರಿಗೆ ಪೇಚಾಟ ಕಡಿಮೆ ಎಂದು ನಾನು ನಂಬಿದ್ದೆ. ಆ ವರ್ಷ ತಿಳಿಯಿತು: ಸಣ್ಣ ವಸ್ತು ತರಿಸಿದರೆ ಒಂದೇ ಪೇಚು, ದೊಡ್ಡ ವಸ್ತು ತರಿಸಿದರೆ ಪೇಚುಗಳು ಮೆರವಣಿಗೆಯಲ್ಲಿ ಬರುತ್ತವೆ.

ತರಿಸಿದ್ದು ಕಲ್ಲು ಕೊಯ್ಯುವ ಗರಗಸ. ಕೈಯಲ್ಲಿ ಹಿಡಿಯುವಂಥದ್ದಲ್ಲ. ಒಂದು ಲಾರಿಯಷ್ಟು ದೊಡ್ಡ ಕಲ್ಲನ್ನು ಅಡಿಯಲ್ಲಿಟ್ಟರೆ ಬ್ರೆಡ್ಡಿನ ಹಾಗೆ ಹೋಳು ಹೋಳು ಮಾಡಿ ಕೊಡುವ ಯಂತ್ರ. ಕಾರ್ಕಳದ ಹೊರಗೆ ನಮ್ಮ ಯಜಮಾನರದ್ದು ಕಲ್ಲಿನ ಕೆಲಸ. ಹದಿನೆಂಟು ಮಂದಿ ಕಲ್ಲುಕುಟಿಗರು. ಹೊರದೇಶದವರು ತೆಳ್ಳಗಿನ ಹಲಗೆಗಳನ್ನು ಕೇಳುತ್ತಿದ್ದರು. ಅದು ಉಳಿ ಸುತ್ತಿಗೆಯಲ್ಲಿ ಆಗುವ ಕೆಲಸವಲ್ಲ. ಯಂತ್ರ ತರಿಸೋಣ ಎಂದು ಹಠ ಹಿಡಿದವಳು ನಾನು. ಇಟಲಿಗೆ ಕಾಗದ ಬರೆದವಳೂ ನಾನು.

ಆದರೆ ಜಾಗ? ನಮ್ಮದು ತಾಯಿಯ ಕಡೆಯಿಂದ ಆಸ್ತಿ ಬರುವ ಮನೆತನ. ಕಲ್ಲಿನ ಕೆಲಸ ನಡೆಯುತ್ತಿದ್ದ ಜಾಗ ನನ್ನ ತಾಯಿಯದ್ದು. ನೋಡಿಕೊಳ್ಳುವವರು ಕಾಪುವಿನಲ್ಲಿದ್ದ ನನ್ನ ಸೋದರಮಾವ. ಮಾವನಿಗೆ ಗೇರುಕೃಷಿಯ ಮೇಲೆ ಕಣ್ಣು. ಅವರು ಒಂದೇ ಮಾತು ಹೇಳಿದರು: "ನೋಡು ಮಗಾ, ಪತ್ತನಾಜೆಯ ಒಳಗೆ ನಿನ್ನ ಯಂತ್ರ ಮಾಡಿನ ಅಡಿಯಲ್ಲಿ ಕೂತರೆ ಜಾಗ ನಿನಗೆ. ಕೂರದಿದ್ದರೆ ನಾನು ಗೇರು ನೆಡುತ್ತೇನೆ. ಮತ್ತೆ ಮುಖ ಊದಿಸಬಾರದು."

ಮಾಡು ಎಂದರೆ ಹಂಚಿನ ಸೂರು; ಪತ್ತನಾಜೆ ಎಂದರೆ ಮೇ ತಿಂಗಳ ಕೊನೆಗೆ ಬರುವ ನಮ್ಮ ತುಳುವರ ಗಡುವು. ಆ ದಿನಕ್ಕೆ ದೈವಗಳ ಕೋಲ, ನೇಮ, ಯಕ್ಷಗಾನದ ಆಟ ಎಲ್ಲ ನಿಂತು ಊರು ಮಳೆಗೆ ತಯಾರಾಗುತ್ತದೆ. ಅದನ್ನು ದಾಟಿ ಯಾರೂ ವಾಯಿದೆ ಕೇಳುವುದಿಲ್ಲ. ನಾನೂ ಕೇಳಲಿಲ್ಲ. "ಆಯಿತು ಮಾವ" ಎಂದೆ. ಹದಿನೆಂಟು ಮನೆಯ ಗಂಜಿ ನನ್ನ ಆ ಒಂದು "ಆಯಿತು" ಮೇಲೆ ನಿಂತಿತ್ತು.

ಊರಿಗೆಲ್ಲ ಗೊತ್ತಾದ ಅಗಲ

ಹಡಗು ಹೊರಟ ಮೇಲೆ ಬೊಂಬಾಯಿಯ ಏಜೆಂಟರಿಗೆ ಅಳತೆಗಳನ್ನು ಫೋನಿನಲ್ಲಿ ಖಚಿತ ಮಾಡಬೇಕಿತ್ತು. ಉಡುಪಿಯ ಕಡಿಯಾಳಿಯ ನಮ್ಮ ಮನೆಯಿಂದ ಬೆಳಿಗ್ಗೆ ಎಂಟಕ್ಕೆ ಟ್ರಂಕ್ ಕಾಲ್ ಬುಕ್ ಮಾಡಿದೆ. ಸಿಕ್ಕಿದ್ದು ಮಧ್ಯಾಹ್ನ ಎರಡಕ್ಕೆ. ಆಚೆಯ ಸ್ವರ ಬಾವಿಯ ಅಡಿಯಿಂದ ಬಂದ ಹಾಗಿತ್ತು. ಹಾಗಾಗಿ ನಾನು ಬೊಬ್ಬೆ ಹಾಕಿದೆ.

"ಉದ್ದ ಹತ್ತೊಂಬತ್ತು ಅಡಿ! ಹತ್ತೊಂಬತ್ತು! ತೂಕ ಹದಿನೇಳು ಟನ್! ಎತ್ತರ ಹನ್ನೊಂದು!"

"ಹಲೋ? ಎಷ್ಟು?"

"ಹನ್ನೊಂದು! ಒಂದರ ಪಕ್ಕ ಒಂದು!"

ಬೀದಿಯಲ್ಲಿ ಹೋಗುತ್ತಿದ್ದ ಹೂವಿನವಳು ನಿಂತಳು. ಎದುರು ಮನೆಯ ಜಗಲಿಯಲ್ಲಿ ಪೇಪರ್ ಓದುತ್ತಿದ್ದವರು ಕನ್ನಡಕ ತೆಗೆದರು. ಅಷ್ಟರಲ್ಲಿ ಉಡುಪಿಯ ಎಕ್ಸ್‌ಚೇಂಜಿನ ಆಪರೇಟರ್ ಮಧ್ಯೆ ಬಂದರು. "ಅಮ್ಮ, ಮೂರು ನಿಮಿಷ ಆಯಿತು. ಮುಂದುವರಿಸಲಾ?"

ನಾನು ಒಂದು ಕ್ಷಣ ಯೋಚಿಸಿದೆ. ಇನ್ನೂ ಮೂರು ನಿಮಿಷ ಎಂದರೆ ದುಬಾರಿ.

ಆಪರೇಟರ್ ತಡೆಯಲಾರದೆ ಹೇಳಿದರು: "ಮುಂದುವರಿಸಿ ಅಮ್ಮ. ಅಗಲ ಎಷ್ಟು ಎಂದು ನೀವು ಇನ್ನೂ ಹೇಳಲಿಲ್ಲ!"

ಹೇಳಿದೆ. ಹನ್ನೆರಡೂವರೆ. ಸಂಜೆ ದೇವಸ್ಥಾನಕ್ಕೆ ಹೋದಾಗ ಒಬ್ಬರು, "ನಿಮ್ಮದು ಇಪ್ಪತ್ತೇಳು ಟನ್ ಅಂತೆ, ಹೌದಾ?" ಎಂದು ಕೇಳಿದರು. "ಹದಿನೇಳು" ಎಂದು ತಿದ್ದಿದೆ. ತೂಕ ಒಂದೇ ಹಗಲಲ್ಲಿ ಹತ್ತು ಟನ್ ಹೆಚ್ಚಿತ್ತು. ಅಗಲ ಮಾತ್ರ ಎಲ್ಲರ ಬಾಯಿಯಲ್ಲೂ ಸರಿಯಾಗಿತ್ತು.

ದಾರಿಯಲ್ಲೇ ಅಲ್ವಾ

ಆ ಕಾಲದಲ್ಲಿ ನಮ್ಮ ಕಡೆ ಹೊರದೇಶದಿಂದ ಪೆಟ್ಟಿಗೆ ಬರುತ್ತದೆ ಎಂದರೆ ಒಂದೇ ಅರ್ಥ: ಗಲ್ಫಿನ ಸಾಮಾನು. ಟೇಪ್ ರೆಕಾರ್ಡರ್, ಪೌಡರ್, ಹೂ ಹೂವಿನ ಕಂಬಳಿ. ಹತ್ತೊಂಬತ್ತು ಅಡಿಯ ಪೆಟ್ಟಿಗೆ ಎಂದು ತಿಳಿದ ಮೇಲೆ ಜನ ಸುಮ್ಮನೆ ಕೂರುತ್ತಾರಾ?

ಮೊದಲು ಬಂದವರು ಪಕ್ಕದ ಮನೆಯ ಟೀಚರ್. ಶಾಲೆಯಲ್ಲಿ ಗಣಿತ ಕಲಿಸುವವರು. ಕೊಂಕಣಿ ಮಾತಾಡುವ ಕ್ರಿಶ್ಚಿಯನ್ ಮನೆಯವರು. ನನಗೆ ತಂಗಿಯ ಹಾಗೆ. ಅವರ ತಮ್ಮ ಬಹರೈನಿನಲ್ಲಿ.

"ಅಕ್ಕ, ಒಂದು ಮಾತು. ನಿಮ್ಮ ಪೆಟ್ಟಿಗೆಯಲ್ಲಿ ಯಂತ್ರ ಇಟ್ಟು ಉಳಿದ ಜಾಗ ಖಾಲಿ ಅಲ್ವಾ?"

"ಹುಲ್ಲು ತುಂಬಿಸಿರುತ್ತಾರೆ ಟೀಚರ್."

"ಹುಲ್ಲಿನ ಬದಲು ನನ್ನ ತಮ್ಮನ ಫ್ರಿಜ್ ಇಡಬಹುದಲ್ಲ. ಅದೂ ಅಲುಗುವುದಿಲ್ಲ."

"ಹಡಗು ಬರುವುದು ಇಟಲಿಯಿಂದ. ನಿಮ್ಮ ತಮ್ಮ ಇರುವುದು ಬಹರೈನಿನಲ್ಲಿ!"

"ದಾರಿಯಲ್ಲೇ ಅಲ್ವಾ?"

ಓದಿದವಳೆಂಬ ಹೆಮ್ಮೆ ನನಗೆ. ಕಾಲೇಜಿನ ಅಟ್ಲಾಸ್ ತಂದು ಊಟದ ಮೇಜಿನ ಮೇಲೆ ಬಿಡಿಸಿದೆ. ಸೂಯೆಜ್ ತೋರಿಸಿದೆ, ಕೆಂಪು ಸಮುದ್ರ ತೋರಿಸಿದೆ, ಏಡನ್ ತೋರಿಸಿದೆ. ಟೀಚರ್ ಕನ್ನಡಕ ಹಾಕಿ ಬಗ್ಗಿ ನೋಡಿದರು. ಏಡನಿನಿಂದ ಬಹರೈನಿಗೆ ಬೆರಳಿಟ್ಟು ಅಳೆದರು. "ಎರಡು ಬೆರಳು" ಎಂದರು. "ಕ್ಯಾಪ್ಟನಿಗೆ ಒಂದು ಕಾಗದ ಹಾಕಿ ನೋಡಿ ಅಕ್ಕ. ಎರಡು ಬೆರಳಿಗೆ ಎಂತ ಹೇಳಿಯಾರು?"

ಆ ವಾರ ಒಟ್ಟು ಇಪ್ಪತ್ತಮೂರು ಬೇಡಿಕೆ ಬಂದವು. ಎಲ್ಲವನ್ನೂ ಬರೆದುಕೊಂಡೆ, ಅಭ್ಯಾಸಬಲ. ಆಮೇಲೆ ಎಲ್ಲರಿಗೂ ಇಲ್ಲ ಎಂದೆ. ಇಷ್ಟಾಗಿಯೂ ಗೋಡೆ ಗಡಿಯಾರ ಕೇಳಿದ್ದ ಒಬ್ಬ ಅಜ್ಜಿ ಪೆಟ್ಟಿಗೆ ಬಂದ ದಿನ ಮನೆಗೇ ಬಂದು ಕೂತರು. ಗಡಿಯಾರ ಬರಲಿಲ್ಲ ಎಂದರೆ ಒಪ್ಪಲಿಲ್ಲ. "ನೀನು ಬರೆದುಕೊಂಡದ್ದನ್ನು ನಾನು ಕಣ್ಣಾರೆ ನೋಡಿದ್ದೇನೆ" ಎಂದರು. ಬರೆಯುವ ಚಟದಿಂದ ನನಗಾದ ಮೊದಲ ನಷ್ಟ ಅದು: ಒಂದು ಗೋಡೆ ಗಡಿಯಾರ, ಉಡುಪಿಯ ಪೇಟೆಯಿಂದಲೇ.

ಪಟ್ಟಿಯಲ್ಲಿ ಇಲ್ಲದ ಬಾಟಲಿ

ಏಪ್ರಿಲ್ ಕೊನೆಗೆ ಹಡಗು ಪಣಂಬೂರಿನ ಬಂದರಿಗೆ ಬಂತು. ಮಾವನೂ ಸುಮ್ಮನಿರಲಿಲ್ಲ. ಅರುವತ್ತು ಗೇರು ಸಸಿಗಳನ್ನು ಪ್ಲಾಸ್ಟಿಕ್ ತೊಟ್ಟೆಗಳಲ್ಲಿ ತರಿಸಿ, ಕಾರ್ಕಳದಲ್ಲಿ ಯಂತ್ರಕ್ಕೆಂದೇ ಹೊಸತಾಗಿ ಕಟ್ಟಿಸಿದ ನಮ್ಮ ಶೆಡ್ಡಿನ ಎದುರೇ ಸಾಲಾಗಿ ಇಡಿಸಿದ್ದರು. ಕಲ್ಲುಕುಟಿಗರು ಪ್ರತಿದಿನ ಅವುಗಳನ್ನು ನೋಡಿಕೊಂಡೇ ಕೆಲಸಕ್ಕೆ ಇಳಿಯಬೇಕು. ಪಾಪ, ನೀರು ಹಾಕುವವರೂ ಅವರೇ.

ಬಂದರಿನಲ್ಲಿ ಕಸ್ಟಮ್ಸಿನವರು ಪೆಟ್ಟಿಗೆಯ ಒಂದು ಬದಿ ಬಿಚ್ಚಿಸಿ ಪಟ್ಟಿಯೊಂದಿಗೆ ತಾಳೆ ನೋಡುತ್ತಿದ್ದರು. ನಾನು ಫೈಲು ಹಿಡಿದು ನಿಂತಿದ್ದೆ. ಪಕ್ಕದಲ್ಲಿ ಕಾಗದಪತ್ರ ಬಿಡಿಸಿಕೊಡುವ ನಮ್ಮ ಏಜೆಂಟ್. ನಲವತ್ತೊಂದು ಬಾಬ್ತುಗಳೂ ಸರಿಯಾಗಿದ್ದವು. ಅಷ್ಟರಲ್ಲಿ ಹುಲ್ಲಿನ ಒಳಗಿಂದ ಒಂದು ಬಾಟಲಿ ಹೊರಬಂತು. ಕೆಂಪು ವೈನ್. ಕುತ್ತಿಗೆಗೆ ದಾರದಲ್ಲಿ ಕಟ್ಟಿದ ಒಂದು ಚಿತ್ರ: ಕಿರೀಟ ತೊಟ್ಟ ಒಬ್ಬ ಹೆಂಗಸು, ಪಕ್ಕದಲ್ಲಿ ಒಂದು ಗೋಪುರ.

ಏಜೆಂಟ್ ನನ್ನ ಕಿವಿಯ ಹತ್ತಿರ ಬಂದ. "ಅಮ್ಮ, ನಾವು ನೋಡಲಿಲ್ಲ."

"ನೋಡಿದೆವಲ್ಲ?"

"ನೋಡಿದೆವು. ಆದರೆ ನೋಡಲಿಲ್ಲ."

ನನಗೆ ಅದು ಸರಿ ಕಾಣಲಿಲ್ಲ. ಪೆನ್ನು ತೆಗೆದು ಪಟ್ಟಿಯ ಕೆಳಗೆ ನೀಟಾಗಿ ಬರೆದೆ: "ನಲವತ್ತೆರಡು. ಬಾಟಲಿ, ಒಂದು. ತುಂಬಿದ್ದು." ಬರೆದು ಅಧಿಕಾರಿಯ ಕೈಗೆ ಕೊಟ್ಟೆ.

ಅಧಿಕಾರಿ ಪಟ್ಟಿ ನೋಡಿದರು, ಬಾಟಲಿ ನೋಡಿದರು, ನನ್ನನ್ನು ನೋಡಿದರು. "ನಿಮಗೆ ಪರವಾನಗಿ ಇರುವುದು ಯಂತ್ರಕ್ಕೆ ಮತ್ತು ಅದರ ಬಿಡಿಭಾಗಕ್ಕೆ. ಇದು ಯಂತ್ರದ ಯಾವ ಭಾಗ?"

"ಎಣ್ಣೆ ಎಂದು ಬರೆಯಿರಿ ಅಮ್ಮ, ಗಿಯರಿಗೆ ಹಾಕುವ ಎಣ್ಣೆ" ಎಂದು ಏಜೆಂಟ್ ಹಿಂದಿನಿಂದ ಗೋಗರೆದ. ನಾನು ಸುಳ್ಳು ಬರೆಯುವವಳಲ್ಲ. ಫೈಲು ಮೇಲಿನ ಅಧಿಕಾರಿಗೆ ಹೋಯಿತು. ಅಲ್ಲಿಂದ ಇನ್ನೂ ಮೇಲಕ್ಕೆ. ಹದಿನೇಳು ಟನ್ ಕಬ್ಬಿಣ ಒಂದು ಬಾಟಲಿಗಾಗಿ ಕಾದು ನಿಂತಿತು. ಎರಡು ದಿನ ಆಗುವುದು ಒಂಬತ್ತು ದಿನವಾಯಿತು. ಗಡುವು ಹತ್ತಿರ ಬರುತ್ತಿತ್ತು. ನಮ್ಮ ಯಜಮಾನರು ನನ್ನ ಜೊತೆ ಮಾತು ಬಿಡಲಿಲ್ಲ, ಆದರೆ ಊಟಕ್ಕೆ ಕೂತಾಗ ನೀರಿನ ಚೆಂಬನ್ನೇ ಸುಮ್ಮನೆ ನೋಡುತ್ತಿದ್ದರು. ಕೊನೆಗೆ ಬಾಟಲಿಗೆ ಸುಂಕ ಕಟ್ಟಿ, ರಸೀದಿ ಪಡೆದು, ಎಲ್ಲವನ್ನೂ ಬಿಡಿಸಿಕೊಂಡೆವು.

ಬೀಳ್ಕೊಡುವಾಗ ಆ ಅಧಿಕಾರಿ ಎದ್ದು ನಿಂತು ಕೈಮುಗಿದರು. "ಅಮ್ಮ, ಬಾಟಲಿ ಅಡಗಿಸಿದವರನ್ನು ನಾನು ಎಷ್ಟೋ ಮಂದಿ ಹಿಡಿದಿದ್ದೇನೆ. ತಾವಾಗಿಯೇ ಬಂದು ಸಿಕ್ಕಿಬಿದ್ದವರು ನೀವು ಒಬ್ಬರೇ."

ಮನೆಗೆ ಬಂದು ಚಿತ್ರವನ್ನು ಟೀಚರಿಗೆ ತೋರಿಸಿದೆ. ಅವರು ಹಣೆಗೆ ಒತ್ತಿಕೊಂಡರು. "ಇದು ಸಾಂತಾ ಬಾರ್ಬರಾ ಅಕ್ಕ! ಬಂಡೆ ಒಡೆಯುವವರನ್ನು ಕಾಯುವವಳು. ಬಾಟಲಿ ನಿಮಗಲ್ಲ, ಯಂತ್ರಕ್ಕೆ ಕಳಿಸಿದ್ದು. ಕುಡಿದುಬಿಡಬೇಡಿ ಮತ್ತೆ." ಕುಡಿಯುವವಳ ಹಾಗೆ ಕಂಡೆನೋ ಏನೋ! ಬಾಟಲಿಯನ್ನು ನನ್ನ ಚೀಲದಲ್ಲಿ ಫೈಲಿನ ಪಕ್ಕ ಇಟ್ಟೆ.

ಯಾರದ್ದು ಇದು?

ಟ್ರೈಲರ್ ಪಣಂಬೂರಿನಿಂದ ಹೊರಡುವಾಗ ಪತ್ತನಾಜೆಗೆ ಐದು ದಿನ ಉಳಿದಿತ್ತು. ಪಡುಬಿದ್ರಿಯಿಂದ ಕಾರ್ಕಳಕ್ಕೆ ಹತ್ತಿರದ ದಾರಿ ಉಂಟು. ಆದರೆ ಅಲ್ಲಿಯ ಒಂದು ಮೋರಿ ಇಷ್ಟು ಭಾರ ತಡೆಯಲಾರದು ಎಂದು ಎಂಜಿನಿಯರರು ಹೇಳಿದ್ದರು. ಹಾಗಾಗಿ ಕಾಪು, ಕಟಪಾಡಿ, ಉಡುಪಿ, ಮಣಿಪಾಲ, ಹಿರಿಯಡ್ಕ ಎಂದು ದೊಡ್ಡ ಸುತ್ತು. ಮುಂದೆ ಕೆಂಪು ಬಟ್ಟೆ ಕಟ್ಟಿದ ನಮ್ಮ ಅಂಬಾಸಿಡರ್, ಹಿಂದೆ ಟ್ರೈಲರ್, ಪೆಟ್ಟಿಗೆಯ ಮೇಲೆ ಬಿದಿರಿನ ಕೋಲು ಹಿಡಿದು ಕೂತ ಒಬ್ಬ ಲೈನ್‌ಮ್ಯಾನ್, ಅಡ್ಡ ಬಂದ ಕರೆಂಟಿನ ತಂತಿಗಳನ್ನು ಎತ್ತಿ ಹಿಡಿಯಲಿಕ್ಕೆ. ಮನುಷ್ಯ ನಡೆಯುವಷ್ಟೇ ವೇಗ. ನಡೆಯುವವರು ಕೆಲವರು ನಮ್ಮನ್ನು ಹಿಂದೆ ಹಾಕಿ ಹೋದರು.

ಮೊದಲ ದಿನ ಸಂಜೆಗೆ ಕಾಪು ಮುಟ್ಟಿದೆವು. ಮರುದಿನ ಬೆಳಿಗ್ಗೆ ಹೊರಡುವಾಗ ಮಾವ ಕೊಡೆ ಹಿಡಿದು ರಸ್ತೆ ಬದಿಯಲ್ಲಿ ನಿಂತಿದ್ದರು. ಅಂಗಡಿಯವರು ಕೇಳಿದರು: "ಯಾರದ್ದು ಮಾರಾಯ್ರೇ ಇದು?"

"ತಂಗಿಯ ಮಗಳದ್ದು. ಓದಿ ಹೆಚ್ಚಾದದ್ದು" ಎಂದರು ಮಾವ. ಎಂದವರು ಕಾರಿನ ಬಾಗಿಲು ತೆಗೆದು ಒಳಗೆ ಕೂತರು. "ಎಲ್ಲಿಯವರೆಗೆ ಹೋಗುತ್ತದೆ ನೋಡುವ."

ಕಟಪಾಡಿಯವರೆಗೆ ಹೋಯಿತು. ಸರಿಯಾಗಿ ಪೇಟೆಯ ನಡುವೆ ಟ್ರೈಲರಿನ ಎರಡು ಟಯರು ಒಟ್ಟಿಗೆ ಹೋದವು. ಪೆಟ್ಟಿಗೆ ರಸ್ತೆಗೆ ಅಡ್ಡ ನಿಂತಿತು. ದಕ್ಷಿಣದ ಕಡೆ ಉಡುಪಿಗೆ ಹೋಗುವ ಬಸ್ಸು. ಉತ್ತರದ ಕಡೆ ಮಂಗಳೂರಿಗೆ ಹೋಗುವ ಬಸ್ಸು. ಎರಡೂ ಖಾಸಗಿ ಬಸ್ಸುಗಳು. ಎರಡು ನಿಮಿಷದ ಟೈಮಿನ ಜಗಳದಲ್ಲಿ ಆ ಎರಡು ಬಸ್ಸುಗಳ ಕಂಡಕ್ಟರುಗಳು ಮೂರು ವರ್ಷದಿಂದ ಮಾತು ಬಿಟ್ಟವರಂತೆ. ಇಬ್ಬರೂ ಇಳಿದು ಬಂದು ಪೆಟ್ಟಿಗೆಯ ಆಚೆ ಒಬ್ಬ, ಈಚೆ ಒಬ್ಬ ನಿಂತರು. ಒಬ್ಬರಿಗೊಬ್ಬರು ಕಾಣುವುದಿಲ್ಲ. ಅದೇ ಒಳ್ಳೆಯದಾಯಿತು.

"ನಿನ್ನಲ್ಲಿ ಎಷ್ಟು ಜನ?" ಎಂದ ಈಚೆಯವನು ಪೆಟ್ಟಿಗೆಯನ್ನು ನೋಡಿ.

"ಐವತ್ತೆಂಟು. ನಿನ್ನಲ್ಲಿ?"

"ಅರುವತ್ತೆರಡು."

"ಬದಲಾಯಿಸುವ. ಟಯರು ಹಾಕುವಾಗ ಮಧ್ಯಾಹ್ನ ಆದೀತು."

ಹಾಗೆ ಮಂಗಳೂರಿನ ಕಡೆಯಿಂದ ಬಂದವರೆಲ್ಲ ಪೆಟ್ಟಿಗೆಯ ಬದಿಯ ಸಂದಿನಿಂದ ನುಸುಳಿ ಆಚೆಯ ಬಸ್ಸಿಗೆ, ಆಚೆಯವರು ಈಚೆಗೆ. ಮಲ್ಲಿಗೆಯ ಬುಟ್ಟಿಗಳು ಕೈಯಿಂದ ಕೈಗೆ ದಾಟಿದವು. ಎರಡೂ ಬಸ್ಸು ತಿರುಗಿ ಬಂದ ದಾರಿಯಲ್ಲೇ ಹೋದವು, ಒಂದು ನಿಮಿಷವೂ ತಡವಿಲ್ಲದೆ.

ಆ ಕಂಡಕ್ಟರುಗಳಲ್ಲಿ ಒಬ್ಬ ಆಮೇಲೆ ಸಿಕ್ಕಾಗ ಹೇಳಿದ: ಉತ್ತರದ ಬಸ್ಸಿನ ಹಿಂದಿನ ಸೀಟಿನಲ್ಲಿ ಒಬ್ಬರು ಹಿರಿಯರು ನಿದ್ರೆಯಲ್ಲಿದ್ದರಂತೆ. ಉಡುಪಿಯಲ್ಲಿ ಹತ್ತಿದವರು, ಮಂಗಳೂರಿಗೆ ಹೋಗುವವರು. ಬಸ್ಸು ಹಿಂದೆ ಬಂದು ಉಡುಪಿ ನಿಲ್ದಾಣದಲ್ಲಿ ನಿಂತಾಗ ಎಚ್ಚರವಾಯಿತಂತೆ. ಇಳಿದು ನಾಲ್ಕೂ ಕಡೆ ನೋಡಿ, "ಪರವಾಗಿಲ್ಲ. ಮಂಗಳೂರೂ ಈಗ ನಮ್ಮ ಉಡುಪಿಯಷ್ಟೇ ಚಂದ ಆಗಿದೆ" ಎಂದರಂತೆ.

ಟಯರು ಬದಲಾಯಿಸುವಾಗ ಮಾವನಿಗೆ ಬಾಟಲಿಯನ್ನೂ ಚಿತ್ರವನ್ನೂ ತೋರಿಸಿ ಟೀಚರ್ ಹೇಳಿದ್ದನ್ನು ಹೇಳಿದೆ. ಅವರು ಚಿತ್ರವನ್ನು ಬಹಳ ಹೊತ್ತು ನೋಡಿದರು. "ಬಂಡೆಯ ಜಾಗ ಕಾಯುವವಳಾ? ಹಾಗಾದರೆ ಅವರಲ್ಲಿಯೂ ಗುಳಿಗ ಉಂಟು ಎಂದಾಯಿತು." ಗುಳಿಗ ನಮ್ಮ ಕಾರ್ಕಳದ ಜಾಗವನ್ನು ಕಾಯುವ ದೈವ, ಶೆಡ್ಡಿನ ಪಶ್ಚಿಮಕ್ಕೆ ಮರದ ಬುಡದಲ್ಲಿ ಅವನ ಕಲ್ಲು ಉಂಟು. ಮಾವ ಬಾಟಲಿಯನ್ನು ಎರಡೂ ಕೈಯಲ್ಲಿ ಹಿಡಿದು ವಾಪಸು ಕೊಟ್ಟರು.

ಅಲ್ಲಿಂದ ಮುಂದೆ ಮಾವ ಇಳಿಯುವ ಮಾತೇ ಎತ್ತಲಿಲ್ಲ. ಅಂಬಲಪಾಡಿಯ ಹತ್ತಿರ ಯಾರೋ ಕೇಳಿದರು, "ಯಾರದ್ದು?" "ನಮ್ಮ ಮನೆಯದ್ದು" ಎಂದರು. ಮಣಿಪಾಲದ ಏರಿನಲ್ಲಿ ಕಾಲೇಜಿನ ಮಕ್ಕಳು ರಸ್ತೆಗೆ ಬಂದು ಚಪ್ಪಾಳೆ ತಟ್ಟಿದರು. ಮಾವ ಕಿಟಕಿಯಿಂದ ಕೈ ಹೊರಹಾಕಿ ಬೀಸಿದರು. ಹಿರಿಯಡ್ಕದಲ್ಲಿ ನಾಲ್ಕು ಜನ ಪೆಟ್ಟಿಗೆಯನ್ನು ಮುಟ್ಟಿ ನೋಡುತ್ತಿದ್ದಾಗ ಮಾವ ಕಾರಿನಿಂದ ಇಳಿದೇ ಹೋದರು.

"ಸ್ವಲ್ಪ ದೂರ ನಿಂತು ನೋಡಿ. ಇಟಲಿಯದ್ದು."

"ಯಾರದ್ದು ದಣಿಗಳೇ?"

"ಯಾರದ್ದು ಎಂದರೆ? ನನ್ನದು!"

ಬಗ್ಗಿ ಬರಬೇಕು

ನಾಲ್ಕನೆಯ ದಿನ ಮಧ್ಯಾಹ್ನ ಕಾರ್ಕಳ ಮುಟ್ಟಿದೆವು. ನಾಡಿದ್ದು ಪತ್ತನಾಜೆ. ಆಕಾಶದಲ್ಲಿ ಆಗಲೇ ಮೋಡ. ಗೇರು ಸಸಿಗಳು ಗಾಳಿಗೆ ತಲೆ ಅಲ್ಲಾಡಿಸುತ್ತಿದ್ದವು. ಹದಿನೆಂಟು ಕಲ್ಲುಕುಟಿಗರೂ ಹಾರೆ ಹಿಡಿದು ತಯಾರು. ಕ್ರೇನ್ ಬೇಡ ಎಂದವರು ಅವರೇ. "ಕಾರ್ಕಳದವರಿಗೆ ದೊಡ್ಡದನ್ನು ಜರುಗಿಸಲಿಕ್ಕೆ ಹೇಳಿಕೊಡಬೇಕಾ ಅಮ್ಮ?" ಎಂದು ಮೇಸ್ತ್ರಿ ನಕ್ಕಿದ್ದ. ಹೇಳಿದ ಹಾಗೆಯೇ ಕಲ್ಲಿನ ಇಳಿಜಾರು ಕಟ್ಟಿ, ಅಡಿಗೆ ಉರುಳುಮರ ಕೊಟ್ಟು, "ಐಸಾ" ಎನ್ನುತ್ತಾ ಯಂತ್ರವನ್ನು ಟ್ರೈಲರಿನಿಂದ ಇಳಿಸಿದರು. ಪೆಟ್ಟಿಗೆ ಒಡೆದು ತೆಗೆದರು. ಶೆಡ್ಡಿನ ಬಾಗಿಲಿನ ಎದುರಿಗೆ ತಂದು ನಿಲ್ಲಿಸಿದರು.

ಮೇಸ್ತ್ರಿ ಹಾರೆ ಕೆಳಗಿಟ್ಟ.

ಯಜಮಾನರು ಟೇಪು ತೆಗೆದು ಅಳೆದರು. ಪೆಟ್ಟಿಗೆ ಹೋದ ಮೇಲೆ ಯಂತ್ರ ಹನ್ನೊಂದು ಅಡಿ ಒಂಬತ್ತು ಇಂಚು. ಬಾಗಿಲು ಸರಿಯಾಗಿ ಹನ್ನೊಂದು ಅಡಿ.

"ನೀನು ಆಚಾರಿಗೆ ಹೇಳಲಿಲ್ಲವಾ?" ಎಂದರು ನನ್ನಲ್ಲಿ.

"ನೀವು ಹೇಳಲಿಲ್ಲವಾ?"

"ಎಲ್ಲ ಬರೆಯುವವಳು ನೀನು. ನೀನು ಹೇಳಿರಬೇಕು ಎಂದುಕೊಂಡೆ."

"ಶೆಡ್ಡು ನೋಡಿಕೊಳ್ಳುವವರು ನೀವು. ನೀವು ಹೇಳಿರಬೇಕು ಎಂದುಕೊಂಡೆ."

ಕಡಿಯಾಳಿಯ ಹೂವಿನವಳಿಗೆ ಗೊತ್ತಿತ್ತು. ಎಕ್ಸ್‌ಚೇಂಜಿನ ಆಪರೇಟರಿಗೆ ಗೊತ್ತಿತ್ತು. ಹನ್ನೆರಡೂವರೆ ಅಡಿ ಎಂದು ತಿಳಿಯದೆ ಇದ್ದವನು ಇಡೀ ತಾಲೂಕಿನಲ್ಲಿ ಬಾಗಿಲು ಮಾಡಿದ ಆಚಾರಿ ಒಬ್ಬನೇ.

ಆಚಾರಿಯನ್ನು ಕರೆಸಿದೆವು. ಅರುವತ್ತು ದಾಟಿದ ಮರದ ಕೆಲಸದವರು. ಅಳತೆಯ ಕೋಲು ಕಂಕುಳಲ್ಲಿಟ್ಟು ನಿಧಾನಕ್ಕೆ ಬಂದರು.

"ಆಚಾರ್ರೇ, ಬಾಗಿಲು ಹದಿಮೂರು ಅಡಿ ಮಾಡಬಾರದಿತ್ತಾ?"

"ಹದಿಮೂರಕ್ಕೆ ಆಯ ನೋಡಿದ್ದೇನೆ ಅಮ್ಮ. ಖರಾಯ ಬರುತ್ತದೆ. ಕತ್ತೆ." ಬಾಗಿಲಾಗಲಿ ಕೋಣೆಯಾಗಲಿ, ಅಳತೆಯನ್ನು ತಮ್ಮ ಕೋಲಿನ ಅಂಗುಲಕ್ಕೆ ತಿರುಗಿಸಿ, ಎಂಟರಿಂದ ಭಾಗಿಸಿ ಉಳಿದ ಶೇಷ ನೋಡಿ ಶುಭ ಅಶುಭ ಹೇಳುವುದು ನಮ್ಮ ಆಚಾರಿಗಳ ಲೆಕ್ಕ. ಒಂದು ಬಂದರೆ ಧ್ವಜ, ಮೂರಕ್ಕೆ ಸಿಂಹ. ಆರು ಬಂದರೆ ಕತ್ತೆ, ಏನೂ ಉಳಿಯದಿದ್ದರೆ ಕಾಗೆ. "ಹನ್ನೆರಡಕ್ಕೂ ನೋಡಿದೆ. ಕಾಗೆ. ಹನ್ನೊಂದಕ್ಕೆ ಸಿಂಹ ಬಂತು. ಸಿಂಹದ ಬಾಗಿಲು ಇಟ್ಟುಕೊಟ್ಟಿದ್ದೇನೆ. ನೀವು ಕತ್ತೆಯ ಬಾಗಿಲು ಕೇಳುತ್ತೀರಲ್ಲ!"

"ಆದರೆ ಒಳಗೆ ಬರುವುದು ಎಷ್ಟು ದೊಡ್ಡದು ಎಂದು ಕೇಳಬೇಕಲ್ಲ?"

"ಅಮ್ಮ, ನಾನು ನಲವತ್ತು ವರ್ಷದಿಂದ ಬಾಗಿಲು ಇಡುತ್ತಾ ಬಂದವನು. ಬರುವವರ ಅಳತೆ ಕೇಳಿ ಯಾರೂ ಬಾಗಿಲು ಇಡುವುದಿಲ್ಲ. ಎಷ್ಟು ಎತ್ತರದವರೇ ಇರಲಿ, ಬಗ್ಗಿ ಬರಬೇಕು."

"ಹದಿನೇಳು ಟನ್ ಬಗ್ಗುವುದಿಲ್ಲ ಆಚಾರ್ರೇ."

"ಅದು ಅದರ ಅಹಂಕಾರ."

ಬಾಗಿಲಿನ ಚೌಕಟ್ಟು ಕಿತ್ತರೆ? ಮುಹೂರ್ತ ನೋಡಿ ಪೂಜೆ ಮಾಡಿ ನಿಲ್ಲಿಸಿದ ಚೌಕಟ್ಟು, ವರ್ಷ ಕಳೆಯದೆ ಮುಟ್ಟಬಾರದು ಎಂದರು ಆಚಾರಿ. ಕಲ್ಲುಕುಟಿಗರು ಒಬ್ಬರ ಮುಖ ಒಬ್ಬರು ನೋಡಿದರು. ಮೇಸ್ತ್ರಿಯ ಕಣ್ಣು ಗೇರು ಸಸಿಗಳ ಕಡೆ ಹೋಯಿತು. ಸಮುದ್ರ ದಾಟಿ ಬಂದದ್ದು ಒಂಬತ್ತು ಇಂಚು ದಾಟಲಾರದೆ ಅಂಗಳದಲ್ಲಿ ನಿಂತಿತ್ತು.

ಆಗ ಮಾವ ಕೊಡೆ ಮಡಚಿದರು. ಶೆಡ್ಡಿಗೆ ಒಂದು ಸುತ್ತು ಬಂದರು. ಪಶ್ಚಿಮದ ಗೋಡೆಯ ಎದುರು ನಿಂತರು.

"ಮಾಡು ನಿಂತದ್ದು ಕಂಬದ ಮೇಲೆ ಅಲ್ವಾ ಮೇಸ್ತ್ರಿ? ಈ ಗೋಡೆ ಇಲ್ಲದಿದ್ದರೆ ಬಿದ್ದೀತಾ?"

"ಇಲ್ಲ ದಣಿಗಳೇ."

"ಮತ್ತೆಂತ? ಬಾಗಿಲು ಇರುವುದು ಮನುಷ್ಯರಿಗೆ. ಆನೆಗೆ ಯಾರಾದರೂ ಬಾಗಿಲು ಇಡುತ್ತಾರಾ? ಒಂದು ಪಿಕಾಸಿ ಕೊಡಿ."

ಗೇರು ನೆಡಬೇಕೆಂದು ಎರಡು ತಿಂಗಳು ಕಾದ ಮಾವ ಮೊದಲ ಏಟು ತಾವೇ ಹಾಕಿದರು. ಕಲ್ಲು ಅಲುಗಲಿಲ್ಲ. ಆದರೆ ಹದಿನೆಂಟು ಜನ ಅಲುಗಿದರು. ಕಟ್ಟಲಿಕ್ಕೆ ಇಪ್ಪತ್ತು ದಿನ ಹಿಡಿದ ಕೆಂಪುಕಲ್ಲಿನ ಗೋಡೆಯನ್ನು ಒಂದು ಕಲ್ಲೂ ಒಡೆಯದ ಹಾಗೆ ಸಂಜೆಯೊಳಗೆ ಬಿಡಿಸಿ ರಾಶಿ ಹಾಕಿದರು.

ಆ ದಾರಿ ಗುಳಿಗನ ಕಲ್ಲಿನ ಪಕ್ಕದಿಂದಲೇ ಹೋಗಬೇಕು. ಮಾರನೆಯ ದಿನ ಬೆಳಿಗ್ಗೆ ಮಾವ ನನ್ನ ಚೀಲದಿಂದ ಬಾಟಲಿ ತೆಗೆಸಿದರು. ಒಂದು ಎಳನೀರಿನ ಜೊತೆ ಕಲ್ಲಿನ ಎದುರಿಟ್ಟು ಕೈಮುಗಿದು ಗಟ್ಟಿಯಾಗಿ ಅರಿಕೆ ಮಾಡಿದರು: "ನಿನ್ನ ಜಾಗಕ್ಕೆ ಒಬ್ಬ ದೊಡ್ಡವನು ಬರುತ್ತಿದ್ದಾನೆ. ದಾರಿ ಕೊಡು. ಅವನ ಊರಿನವರು ನಿನಗೆ ಇದನ್ನು ಕಳಿಸಿದ್ದಾರೆ. ಸುಂಕ ಕಟ್ಟಿ ಆಗಿದೆ. ರಸೀದಿ ಇವಳ ಹತ್ತಿರ ಉಂಟು. ಹೆದರಬೇಡ."

ಮಧ್ಯಾಹ್ನದೊಳಗೆ ಯಂತ್ರ ಉರುಳುಮರದ ಮೇಲೆ ಇಂಚು ಇಂಚು ಜರುಗಿ ತನ್ನ ಕಟ್ಟೆಯ ಮೇಲೆ ಕೂತಿತು. ಪಶ್ಚಿಮದ ಕಡೆ ಗೋಡೆ ಇಲ್ಲ. ತೆಂಗಿನಗರಿ ಹೆಣೆದ ಮಡಲು ಕಟ್ಟಿದೆವು. ಪತ್ತನಾಜೆಯ ಬೆಳಿಗ್ಗೆ ಮೊದಲ ಮಳೆ ಹುಯ್ಯಿತು. ನಾನು ಮಾವನ ಮುಖ ನೋಡಿದೆ. ಅವರು ಯಂತ್ರವನ್ನು ನೋಡಿದರು, ಮಡಲನ್ನು ನೋಡಿದರು, ಹಂಚನ್ನು ನೋಡಿದರು. "ಮಾಡಿನ ಅಡಿಯಲ್ಲಿ ಕೂರಬೇಕು ಎಂದು ಹೇಳಿದ್ದೆ" ಎಂದರು. "ಗೋಡೆಯ ಮಾತು ನಾನು ಎತ್ತಲೇ ಇಲ್ಲ."

ಆ ಗದ್ದಲದಲ್ಲಿ ಆಚಾರಿ ತಮ್ಮ ಪಾಡಿಗೆ ಕೋಲು ಹಿಡಿದು ಯಂತ್ರದ ಉದ್ದಗಲ ಅಳೆಯುತ್ತಿದ್ದರು. ಬೆರಳು ಮಡಚಿ ಭಾಗಿಸಿದರು. ಮುಖ ಅರಳಿತು.

"ಅಮ್ಮ, ಇಲ್ಲಿ ಬನ್ನಿ. ಶೇಷ ಏಳು. ಗಜಾಯ! ನಿಮ್ಮ ಮಾವ ಹೇಳಿದ್ದು ಸರಿ, ಇದು ಆನೆಯೇ. ಸಿಂಹದ ಬಾಗಿಲಿನಿಂದ ಆನೆ ಹೇಗೆ ಬರುತ್ತದೆ? ತಪ್ಪು ನನ್ನದಲ್ಲ, ನೋಡಿ."

ಆ ರಾತ್ರಿ ಯಜಮಾನರು ಸುಮ್ಮನೆ ನನ್ನ ಡೈರಿ ತಿರುವಿದರು. ಮಾರ್ಚ್ 9ರ ಪುಟದಲ್ಲಿ ನಿಂತರು. ಗಟ್ಟಿಯಾಗಿ ಓದಿದರು: "ಬಾಗಿಲಿನ ವಿಷಯ ಆಚಾರಿಯಲ್ಲಿ ಕೇಳಬೇಕು." ಮದುವೆಯಾದ ಮೇಲೆ ನನ್ನ ಬರವಣಿಗೆಯಲ್ಲಿ ಅವರಿಗೆ ಸಿಕ್ಕಿದ ಮೊದಲ ತಪ್ಪು. ನಗು ತಡೆಯಲಾರದೆ ಮಂಚದಿಂದ ಇಳಿದೇ ಬಿಟ್ಟರು.

"ಬರೆದದ್ದರಲ್ಲಿ ತಪ್ಪು ಎಲ್ಲುಂಟು?" ಎಂದೆ ನಾನು. "ಕೇಳಬೇಕು ಎಂದು ಸರಿಯಾಗಿಯೇ ಬರೆದಿದ್ದೇನಲ್ಲ!"

ಹಡಗಿನ ಬಾಡಿಗೆ, ಸುಂಕ, ಟ್ರೈಲರು, ಇವುಗಳ ಲೆಕ್ಕ ಫೈಲಿನಲ್ಲಿ ಉಂಟು, ಕೇಳಿದವರಿಗೆ ತೋರಿಸುತ್ತೇನೆ. ಫೈಲಿಗೆ ಹೋಗದ ಖರ್ಚು ಇಷ್ಟು: ಗೋಡೆ ಗಡಿಯಾರ ಒಂದು. ಟಯರು ಎರಡು. ಪಶ್ಚಿಮದ ಗೋಡೆ ಒಂದು, ಕಟ್ಟಿದ್ದು ಎರಡು ಸಲ. ದಾರಿಯುದ್ದಕ್ಕೂ ಮಾವ ಒಡೆಸಿದ ತೆಂಗಿನಕಾಯಿ ಹನ್ನೊಂದು. ವೈನ್ ಒಂದು ಬಾಟಲಿ, ಸುಂಕ ಸಮೇತ. ಸಿಂಹದ ಬಾಗಿಲಿನಿಂದ ಮನುಷ್ಯರು ಬಗ್ಗದೆ ಹೋಗಿ ಬರುತ್ತಿದ್ದಾರೆ. ಹದಿನೆಂಟು ಇದ್ದವರು ಈಗ ಮೂವತ್ತೊಂದು. ಗೇರು ಸಸಿ ಅರುವತ್ತನ್ನೂ ಆ ಮಳೆಗಾಲದಲ್ಲೇ ಬೇಲಿಯ ಉದ್ದಕ್ಕೆ ನೆಟ್ಟೆವು. ಬದುಕಿದ್ದು ನಲವತ್ತನಾಲ್ಕು. ಅವುಗಳ ಬೀಜ ಮಾವನಿಗೆ.